ನೂರು ಸಿಸಿ ಯಾಕೆ? ನುಂಗಂಬಾಕ್ಕಂನಿಂದ ಮೈಸೂರಿನವರೆಗೆ ಮೊದಲ ಬೈಕಿನ ಕತೆ

ಈ ಸಲದ ಮಾತಿನ ಬರಹ ರೂಪ ಇದು. ವಿಡಿಯೋದಲ್ಲಿ ತಡವರಿಸಿದ್ದನ್ನೂ ಎರಡೆರಡು ಸಲ ಹೇಳಿದ್ದನ್ನೂ ತೆಗೆದಿದ್ದೀನಿ, ಉಳಿದದ್ದು ಹಾಗೇ ಇದೆ.

ಎರಡು ತಿಂಗಳ ಹಿಂದೆ ಒಂದು ರಾತ್ರಿ ಅರಸೀಕೆರೆಯಿಂದ ಚಿಕ್ಕಮ್ಮ ಫೋನ್ ಮಾಡಿದ್ರು. ಅವರ ಮಗ, ಅಂದ್ರೆ ನನ್ನ ತಮ್ಮ, ಚೆನ್ನೈಗೆ ಬಂದು ಕೆಲಸಕ್ಕೆ ಸೇರಿ ಆಗ ತಾನೇ ಒಂದು ತಿಂಗಳಾಗಿತ್ತು. ನುಂಗಂಬಾಕ್ಕಂನ ನಮ್ಮ ಮನೆಯಲ್ಲೇ ಇದ್ದಾನೆ, ಆಫೀಸು ತರಮಣಿಯಲ್ಲಿ. "ಅವರಪ್ಪನ ಯೆಜ್ಡೀನ ರೈಲಿಗೆ ಹಾಕಿಸ್ಕೊಂಡು ಅಲ್ಲಿಗೆ ತಗೊಂಡು ಹೋಗ್ತೀನಿ ಅಂತಿದ್ದಾನೆ ಕಣಪ್ಪ. ಗೇರ್ ಗಾಡಿ ಓಡಿಸಿ ಅಭ್ಯಾಸಾನೇ ಇಲ್ಲ ಅವನಿಗೆ. ನೀನು ದೊಡ್ಡೋನು, ನೀನೇ ಹೇಳು" ಅಂದ್ರು.

ಚಿಕ್ಕಪ್ಪ ಹೋಗಿ ಮೂರು ವರ್ಷ ಆಯ್ತು. ಆ ಗಾಡಿ ಮನೆ ಹಿಂದಿನ ಶೆಡ್ಡಿನಲ್ಲಿ ಹಳೇ ಬೆಡ್‌ಶೀಟ್ ಹೊದ್ದು ನಿಂತಿದೆ. ಬೇಡ ಅನ್ನೋದು ಸುಲಭ. ಆದ್ರೆ ಅಪ್ಪನ ಗಾಡಿ ಬೇಡ ಅಂತ ಒಬ್ಬ ಹುಡುಗನಿಗೆ ಹೇಳ್ಬೇಕಾದ್ರೆ ಯಾಕೆ ಬೇಡ ಅನ್ನೋದು ನಮಗೆ ಸರಿಯಾಗಿ ಗೊತ್ತಿರಬೇಕು. ಅವನ ಹತ್ರ "ಮೊದಲು ಒಂದು ಸಣ್ಣ 100 ಸಿಸಿ ತಗೋ" ಅಂದೆ. ತಕ್ಷಣ ಕೇಳಿದ: "ಅಣ್ಣ, ಎಲ್ಲರೂ 100 ಸಿಸಿ, 100 ಸಿಸಿ ಅಂತಾರೆ. 80 ಯಾಕಲ್ಲ, 120 ಯಾಕಲ್ಲ?"

ನಿಜ ಹೇಳ್ತೀನಿ, ನನ್ನ ಹತ್ರ ಉತ್ತರ ಇರಲಿಲ್ಲ. ಎಂ.ಟೆಕ್ ಮಾಡಿದ್ದೀನಿ, ಆದ್ರೂ ಇರಲಿಲ್ಲ. ಹುಡುಕಿದಾಗ ಸಿಕ್ಕ ಚರಿತ್ರೆಯೇ ಇವತ್ತಿನ ವಿಷಯ.

ನಮ್ಮ ಬೀದಿಯಿಂದಲೇ ಶುರು

ನುಂಗಂಬಾಕ್ಕಂನಲ್ಲಿ ಇರೋರಿಗೆ ಹ್ಯಾಡೋಸ್ ರಸ್ತೆ ಗೊತ್ತು. ಕಾಲೇಜ್ ರಸ್ತೆ ಕಡೆಯಿಂದ ಹೋದ್ರೆ ಸಿಗುತ್ತೆ. ಆ ರಸ್ತೆಯಲ್ಲಿ ಜಯಲಕ್ಷ್ಮಿ ಎಸ್ಟೇಟ್ಸ್ ಅಂತ ಒಂದು ವಿಳಾಸ ಇದೆ. ಟಿವಿಎಸ್ ಮೋಟರ್ ಕಂಪನಿಯ ನೋಂದಾಯಿತ ಕಚೇರಿ ಬಹಳ ವರ್ಷ ಅಲ್ಲಿತ್ತು. ಆಮೇಲೆ ಅದು ಹತ್ತಿರದ ಖಾದರ್ ನವಾಜ್ ಖಾನ್ ರಸ್ತೆಗೆ ಬಂತು. ಅದೇ, ನಾವು ಶನಿವಾರ ಸಂಜೆ ಕಾಫಿಗೆ ಅಂತ ಹೋಗ್ತೀವಲ್ಲ, ಆ ರಸ್ತೆ. ಕಚೇರಿ ಇಲ್ಲಿ, ಕಾರ್ಖಾನೆ ಸುಮಾರು 300 ಕಿಲೋಮೀಟರ್ ದೂರದ ಹೊಸೂರಿನಲ್ಲಿ, ಕರ್ನಾಟಕದ ಗಡಿಗೆ ಅಂಟಿಕೊಂಡಂತೆ.

ಅಂದ್ರೆ ಹಬ್ಬಕ್ಕೆ ಊರಿಗೆ ಹೋಗೋವಾಗ ನಾವು ಹಿಡಿಯೋ ಚೆನ್ನೈ-ಬೆಂಗಳೂರು ಹೆದ್ದಾರಿಯೇ ಈ ಕತೆಯ ದಾರಿ. ಚೆನ್ನೈನ ಉತ್ತರಕ್ಕೆ ತಿರುವೊಟ್ರಿಯೂರು, ದಾರಿಯಲ್ಲಿ ರಾಣಿಪೇಟೆ, ಗಡಿಯಲ್ಲಿ ಹೊಸೂರು, ಆ ಕಡೆ ಕೊನೆಗೆ ಮೈಸೂರು. ದಕ್ಷಿಣ ಭಾರತದ ಮೋಟರ್‌ಸೈಕಲ್ ಚರಿತ್ರೆಯ ಮುಕ್ಕಾಲು ಪಾಲು ಈ ನಾಲ್ಕು ಊರಲ್ಲೇ ಇದೆ.

ಮೊದಲು ಬಂದಿದ್ದು ದೊಡ್ಡ ಗಾಡಿಗಳು

1955ರಲ್ಲಿ ಮದ್ರಾಸ್ ಮೋಟರ್ಸ್ ಕಂಪನಿ ಇಂಗ್ಲೆಂಡಿನ ರಾಯಲ್ ಎನ್‌ಫೀಲ್ಡ್ ಜೊತೆ ಸೇರಿ ಎನ್‌ಫೀಲ್ಡ್ ಇಂಡಿಯಾ ಶುರು ಮಾಡಿತು. ತಿರುವೊಟ್ರಿಯೂರಿನಲ್ಲಿ 350 ಸಿಸಿ ಬುಲೆಟ್ ತಯಾರಾಯಿತು. ಇದರ ಹಿಂದೆ ಇದ್ದಿದ್ದು ಸೈನ್ಯದ ಬೇಡಿಕೆ. ಗಡಿ ಕಾಯೋ ಸೈನಿಕನಿಗೆ, ಆಮೇಲೆ ಪೊಲೀಸಿಗೆ ಬೇಕಾದ ಗಾಡಿ ಅದು. ತಿಂಗಳ ಸಂಬಳದ ಗುಮಾಸ್ತ ಲೆಕ್ಕದಲ್ಲೇ ಇರಲಿಲ್ಲ.

ಆರು ವರ್ಷ ಆದ ಮೇಲೆ, 1961ರಲ್ಲಿ, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಗಾಡಿಗಳು ಹೊರಬಂದವು. ಹಿಂದೆ ಇದ್ದವರು ಇರಾನಿ ಕುಟುಂಬ, ತಂತ್ರಜ್ಞಾನ ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯದು. ಕಾರ್ಖಾನೆಯನ್ನು ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್. 250 ಸಿಸಿ, ಟೂ-ಸ್ಟ್ರೋಕ್, ಎರಡು ಸೈಲೆನ್ಸರ್. 1970ರ ದಶಕದಲ್ಲಿ ಅದರ ಹೆಸರು ಯೆಜ್ಡಿ ಆಯ್ತು. ಹಳೇ ಮೈಸೂರು ಸೀಮೆಯ ನಮ್ಮ ಅಪ್ಪ, ಚಿಕ್ಕಪ್ಪಂದಿರ ತಲೆಮಾರಿಗೆ ಅದರ ಸದ್ದು ಊರ ಬಾಗಿಲಲ್ಲೇ ಗುರುತು ಸಿಗ್ತಿತ್ತು. ಅದರ ಒಂದು ವಿಶೇಷ ಹೇಳ್ತೀನಿ. ಕಿಕ್ ಹೊಡೆಯೋ ಲಿವರ್ ಮತ್ತೆ ಗೇರ್ ಲಿವರ್ ಎರಡೂ ಒಂದೇ. ಕಿಕ್ ಹೊಡೆದು ಸ್ಟಾರ್ಟ್ ಮಾಡಿ, ಅದನ್ನೇ ಮಡಿಸಿದ್ರೆ ಗೇರ್. ಗೊತ್ತಿಲ್ಲದವರು ಕಿಕ್ಕರ್ ಎಲ್ಲಿದೆ ಅಂತ ಹುಡುಕ್ತಾ ನಿಲ್ತಿದ್ರು.

ಉತ್ತರದಲ್ಲಿ ಎಸ್ಕಾರ್ಟ್ಸ್ ಕಂಪನಿಯ ರಾಜದೂತ್ ಇತ್ತು, 175 ಸಿಸಿ, ಮೂಲ ಪೋಲೆಂಡಿನದು. ಸಂಸಾರಸ್ಥರಿಗೆ ಬಜಾಜ್ ಸ್ಕೂಟರ್. ಆದ್ರೆ ಲೈಸೆನ್ಸ್ ರಾಜ್ ಕಾಲ ಅದು. ಎಷ್ಟು ಗಾಡಿ ಮಾಡಬೇಕು ಅನ್ನೋದನ್ನು ಕಂಪನಿ ತೀರ್ಮಾನ ಮಾಡೋ ಹಾಗಿರಲಿಲ್ಲ, ದೆಹಲಿಯ ಅನುಮತಿ ಬೇಕಿತ್ತು. ಸ್ಕೂಟರ್ ಬುಕ್ ಮಾಡಿ ವರ್ಷಗಟ್ಟಲೆ ಕಾಯೋದು ಮಾಮೂಲಿ. ಮದುವೆಗೆ ಬುಕ್ ಮಾಡಿದ ಸ್ಕೂಟರ್ ಮಗು ಶಾಲೆಗೆ ಸೇರೋ ಹೊತ್ತಿಗೆ ಬಂತು ಅಂತ ತಮಾಷೆ ಮಾಡ್ತಿದ್ರು.

ಹೀಗೆ 1970ರವರೆಗೆ ನಮ್ಮಲ್ಲಿ ಬಲವಾದ ಮೋಟರ್‌ಸೈಕಲ್ ಇತ್ತು, ಕಾಯಿಸೋ ಸ್ಕೂಟರ್ ಇತ್ತು. ದಿನಾ ಕೆಲಸಕ್ಕೆ ಹೋಗಿ ಬರೋ ಸಾಮಾನ್ಯನ ಸಣ್ಣ ಮೋಟರ್‌ಸೈಕಲ್ ಇರಲಿಲ್ಲ.

ಹೊಸೂರಿನ 50 ಸಿಸಿ

1973ರಲ್ಲಿ ಅರಬ್ ದೇಶಗಳು ಎಣ್ಣೆ ಸರಬರಾಜು ನಿಲ್ಲಿಸಿದಾಗ ಪೆಟ್ರೋಲ್ ಬೆಲೆ ಜಿಗೀತು. 1979ರಲ್ಲಿ ಇರಾನಿನ ಕ್ರಾಂತಿಯಿಂದ ಇನ್ನೊಂದು ಸಲ. ಲೀಟರಿಗೆ ಎಷ್ಟು ಕೊಡುತ್ತೆ ಅನ್ನೋ ಪ್ರಶ್ನೆ ನಮ್ಮ ಮನೆಗಳ ಒಳಗೆ ಬಂದು ಕೂತಿದ್ದು ಆಗ. ಅಷ್ಟರಲ್ಲಿ, 1972ರಲ್ಲಿ, ಪುಣೆಯ ಕೈನೆಟಿಕ್ ಕಂಪನಿ ಲೂನಾ ಮೊಪೆಡ್ ತಂದಿತ್ತು.

1980ರಲ್ಲಿ ಹೊಸೂರಿನಿಂದ ಟಿವಿಎಸ್ 50 ಬಂತು. ಇಬ್ಬರು ಕೂರಬಹುದಾದ 50 ಸಿಸಿ ಮೊಪೆಡ್. ಇವತ್ತಿಗೆ ಇದು ದೊಡ್ಡ ವಿಷಯ ಅನ್ಸಲ್ಲ. ಆದ್ರೆ ಯೋಚಿಸಿ: ಅಲ್ಲಿವರೆಗೆ ಮೊಪೆಡ್ ಅಂದ್ರೆ ಒಬ್ಬರ ಗಾಡಿ. ಹಿಂದೆ ಹೆಂಡತಿ ಕೂರಬಹುದು, ಮುಂದೆ ಹೂವಿನ ಬುಟ್ಟಿ, ಹಾಲಿನ ಕ್ಯಾನು ಇಡಬಹುದು ಅಂದ ತಕ್ಷಣ ಅದು ಸಂಸಾರದ ಗಾಡಿ, ದುಡಿಮೆಯ ಗಾಡಿ ಆಯ್ತು. ಮದುರೈನಲ್ಲಿ 1911ರಲ್ಲಿ ಬಸ್ ಸಾರಿಗೆಯಿಂದ ಶುರುವಾದ ಟಿ.ವಿ. ಸುಂದರಂ ಅಯ್ಯಂಗಾರ್ ಅವರ ಮನೆತನ ದ್ವಿಚಕ್ರ ವಾಹನ ಮಾಡೋಕೆ ಇಳಿದಿದ್ದು ಈ ಸಣ್ಣ ಬಾಗಿಲಿಂದ.

ಆ ನೂರು ಎಲ್ಲಿಂದ ಬಂತು?

ಈಗ ತಮ್ಮನ ಪ್ರಶ್ನೆಗೆ ಬರೋಣ. 1980ರ ದಶಕದ ಮೊದಲ ಭಾಗದಲ್ಲಿ ಕೇಂದ್ರ ಸರ್ಕಾರ ದ್ವಿಚಕ್ರ ವಾಹನಗಳಿಗೆ ವಿದೇಶಿ ಕಂಪನಿಗಳ ಸಹಯೋಗಕ್ಕೆ ಬಾಗಿಲು ತೆರೆಯಿತು. ಆದ್ರೆ ಒಂದು ಮಿತಿ ಇಟ್ಟಿತು: ಎಂಜಿನ್ 100 ಸಿಸಿ ಒಳಗೇ ಇರಬೇಕು.

ಆಮೇಲೆ ಏನಾಯ್ತು ನೋಡಿ. 1984ರಲ್ಲಿ ಹೊಸೂರಿನಿಂದಲೇ ಇಂಡ್-ಸುಜುಕಿ ಎಎಕ್ಸ್ 100, ಭಾರತ-ಜಪಾನ್ ಸಹಯೋಗದ ಮೊದಲ 100 ಸಿಸಿ ಬೈಕು. ಅದರ ಎಂಜಿನ್ 98 ಸಿಸಿ. 1985ರಲ್ಲಿ ಹೀರೋ ಹೋಂಡಾ ಸಿಡಿ 100, 97.2 ಸಿಸಿ. ಅದೇ ವರ್ಷದ ಕೊನೆಗೆ ಯಮಹಾ ಆರ್‌ಎಕ್ಸ್ 100, 98 ಸಿಸಿ. ಹಿಂದೆಯೇ ಕವಾಸಾಕಿ ಬಜಾಜ್ ಕೆಬಿ 100, 99 ಸಿಸಿ. ಕೈನೆಟಿಕ್ ಹೋಂಡಾ ಸ್ಕೂಟರ್ ಕೂಡ 98 ಸಿಸಿ.

ಎಲ್ಲವೂ ನೂರರ ಗೆರೆಗೆ ತಲೆ ತಾಗಿಸಿಕೊಂಡು ನಿಂತಿವೆ, ಒಂದೂ ದಾಟಿಲ್ಲ. ಜಪಾನಿನ ನಾಲ್ಕು ಕಂಪನಿಗಳ ಎಂಜಿನಿಯರ್‌ಗಳು ಬೇರೆಬೇರೆ ಕಡೆ ಕೂತು ಒಂದೇ ಅಂಕಿಗೆ ಬಂದಿದ್ದು ಕಾಕತಾಳೀಯ ಅಲ್ಲ. ಆ ಅಂಕಿ ದೆಹಲಿಯ ಕಡತದಲ್ಲಿ ಮೊದಲೇ ಬರೆದಿತ್ತು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇದು ರಿಕ್ವೈರ್‌ಮೆಂಟ್ ಡಾಕ್ಯುಮೆಂಟಿನಲ್ಲಿ ಯಾರೋ ಹಾಕಿದ ಮಿತಿ. ಹಾಕಿದವರು ನಿವೃತ್ತರಾದ್ರು, ಮಿತಿ ಹೋಯ್ತು, ಆದ್ರೆ ಅದರ ಸುತ್ತ ಕಟ್ಟಿದ ವ್ಯವಸ್ಥೆ 40 ವರ್ಷ ಆದ್ರೂ ಓಡ್ತಾ ಇದೆ.

ಮಿತಿಯೊಳಗಿನ ಜಾಣತನ

ಒಂದೇ ಮಿತಿಯೊಳಗೆ ಎರಡು ದಾರಿ ಇತ್ತು. ಸುಜುಕಿ, ಯಮಹಾ, ಕವಾಸಾಕಿ ಟೂ-ಸ್ಟ್ರೋಕ್ ಹಿಡಿದವು. ಹೋಂಡಾ ಬೈಕಿಗೆ ಫೋರ್-ಸ್ಟ್ರೋಕ್ ಹಿಡೀತು.

ಟೂ-ಸ್ಟ್ರೋಕಿನಲ್ಲಿ ಪಿಸ್ಟನ್ ಒಂದು ಸಲ ಮೇಲೆ, ಒಂದು ಸಲ ಕೆಳಗೆ ಹೋದ್ರೆ ಕೆಲಸ ಮುಗೀತು. ಅದಕ್ಕೇ ಸಣ್ಣ ಎಂಜಿನ್ನಿಂದ ಜಾಸ್ತಿ ಶಕ್ತಿ. ಸುಮಾರು ನೂರು ಕೆಜಿಯ ಆರ್‌ಎಕ್ಸ್ 100ಕ್ಕೆ 11 ಎಚ್‌ಪಿ ಇತ್ತು. ಆ ಕಾಲದ ಹುಡುಗರು ಅದಕ್ಕೆ ಮರುಳಾಗಿದ್ದು ಸುಮ್ಮನೆ ಅಲ್ಲ. ಆದ್ರೆ ಇದರಲ್ಲಿ ಒಳಗೆ ಬರೋ ಹೊಸ ಪೆಟ್ರೋಲ್ ಮಿಶ್ರಣವೇ ಸುಟ್ಟ ಹೊಗೆಯನ್ನು ಹೊರಗೆ ತಳ್ಳಬೇಕು. ತಳ್ಳೋವಾಗ ಸ್ವಲ್ಪ ಪೆಟ್ರೋಲ್ ಸುಡದೇ ಸೈಲೆನ್ಸರಿನಿಂದ ಹೊರಗೆ ಹೋಗುತ್ತೆ. ಜೊತೆಗೆ ಆಯಿಲ್ ಸುಟ್ಟ ನೀಲಿ ಹೊಗೆ.

ಫೋರ್-ಸ್ಟ್ರೋಕಿನಲ್ಲಿ ವಾಲ್ವ್‌ಗಳು ಬಾಗಿಲು ಕಾಯ್ತವೆ. ಶಕ್ತಿ ಕಡಿಮೆ, ಪೋಲು ಕೂಡ ಕಡಿಮೆ. ಸಿಡಿ 100 ಜಾಹೀರಾತು ಲೀಟರಿಗೆ 80 ಕಿಲೋಮೀಟರ್ ಅಂತ ಹೇಳ್ತಿತ್ತು. ಟ್ಯಾಂಕ್ ತುಂಬಿಸಿ, ಮುಚ್ಚಿ, ಮರೆತುಬಿಡಿ ಅನ್ನೋ ಅರ್ಥದ ಅದರ ಘೋಷಣೆ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು.

ಅಷ್ಟು ಕಡಿಮೆ ಶಕ್ತಿ ಸಾಕಾ? ಒಂದು ಸಣ್ಣ ಲೆಕ್ಕ ಮಾಡಿದೆ. ಗಾಡಿ, ಸವಾರ ಸೇರಿ 180 ಕೆಜಿ, ವೇಗ ಗಂಟೆಗೆ 45 ಕಿಲೋಮೀಟರ್, ಸಮತಟ್ಟು ರಸ್ತೆ. ಗಾಳಿಯ ತಡೆ, ಟೈರಿನ ತಡೆ ಎರಡನ್ನೂ ಕೂಡಿಸಿದ್ರೆ ಆ ವೇಗ ಕಾಯ್ದುಕೊಳ್ಳೋಕೆ ಬೇಕಾಗೋದು ಸುಮಾರು ಒಂದೂವರೆ ಎಚ್‌ಪಿ. ಚೆನ್ನೈ ಸಮತಟ್ಟು ಊರು. ಏಳೆಂಟು ಎಚ್‌ಪಿ ಗಾಡಿಯಲ್ಲಿ ಸಿಗ್ನಲ್ಲಿನಿಂದ ಹೊರಡೋಕೆ, ಫ್ಲೈಓವರ್ ಹತ್ತೋಕೆ, ಹಿಂದೆ ಒಬ್ಬರನ್ನು ಕೂರಿಸಿಕೊಳ್ಳೋಕೆ ಧಾರಾಳವಾಗಿ ಉಳಿಯುತ್ತೆ.

ಆ 97.2 ಎಂಜಿನ್ನಿನ ಕತೆ ಅಲ್ಲಿಗೆ ಮುಗೀಲಿಲ್ಲ. ಸಿಲಿಂಡರಿನ ಅಗಲ 50 ಮಿಲಿಮೀಟರ್, ಪಿಸ್ಟನ್ ಓಡಾಟ 49.5 ಮಿಲಿಮೀಟರ್. ಇದೇ ಅಳತೆ 1994ರ ಸ್ಪ್ಲೆಂಡರ್‌ಗೆ ಬಂತು, ಇವತ್ತಿನ ಸ್ಪ್ಲೆಂಡರ್ ಪ್ಲಸ್‌ನಲ್ಲೂ ಇದೆ. ಹೀರೋ ಮತ್ತು ಹೋಂಡಾ ಬೇರೆಯಾಗೋ ತೀರ್ಮಾನ ಬಂದಿದ್ದು 2010ರ ಕೊನೆಗೆ. ಮನೆ ಪಾಲಾಯ್ತು, ಅಳತೆ ಉಳೀತು. ಒಂದೇ ವಿನ್ಯಾಸ ಇಷ್ಟು ವರ್ಷ ಉಳಿದಿದ್ದರಿಂದ ಆದ ಲಾಭ ಏನು ಅಂದ್ರೆ, ಕ್ಲಚ್ ವೈರಿನಿಂದ ಪಿಸ್ಟನ್‌ವರೆಗೆ ಎಲ್ಲಾ ಸ್ಪೇರ್ ಹೋಬಳಿ ಮಟ್ಟದ ಅಂಗಡಿಯಲ್ಲೂ ಸಿಗುತ್ತೆ, ಬಿಚ್ಚಿ ಜೋಡಿಸೋ ಮೆಕ್ಯಾನಿಕ್ ಪ್ರತಿ ಊರಲ್ಲೂ ಇದ್ದಾರೆ. ಇದಕ್ಕೆ ಯೆನ್ ಕೂಡ ಒಂದು ಕಾರಣ. 1985ರ ಪ್ಲಾಜಾ ಒಪ್ಪಂದದ ನಂತರ ಯೆನ್ ಬೆಲೆ ಏರಿತು, ಜಪಾನಿನಿಂದ ಬರೋ ಬಿಡಿಭಾಗ ತುಟ್ಟಿಯಾಯ್ತು. ಇಲ್ಲೇ ಮಾಡ್ಕೊಳ್ಳೋದನ್ನು ಕಲಿಯದೆ ಗತಿ ಇರಲಿಲ್ಲ.

ರಾಣಿಪೇಟೆ ಮತ್ತು ಮೈಸೂರು

ಹಳಬರು ಸುಮ್ಮನೆ ಕೂತಿರಲಿಲ್ಲ. ಎನ್‌ಫೀಲ್ಡ್ ಇಂಡಿಯಾ 1980ರ ದಶಕದಲ್ಲಿ ಜರ್ಮನಿಯ ಜುಂಡಾಪ್ ಕಂಪನಿಯ ತಂತ್ರಜ್ಞಾನ ತಂದು ರಾಣಿಪೇಟೆಯಲ್ಲಿ ಸಿಲ್ವರ್ ಪ್ಲಸ್, ಎಕ್ಸ್‌ಪ್ಲೋರರ್ ಅನ್ನೋ 50 ಸಿಸಿ ಗಾಡಿಗಳನ್ನು ಮಾಡಿತು. ಬುಲೆಟ್ ಕಂಪನಿ 50 ಸಿಸಿ ಮಾಡಿತ್ತು ಅಂದ್ರೆ ಈಗಿನ ಹುಡುಗರು ನಂಬಲ್ಲ. ಅವು ನಿಲ್ಲಲಿಲ್ಲ.

ಮೈಸೂರಿನದು ಇನ್ನೂ ಬೇಸರದ ಕತೆ. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕೋ 250 ಸಿಸಿ ಟೂ-ಸ್ಟ್ರೋಕ್, ಎರಡು ಪಟ್ಟು ಮೈಲೇಜ್ ಕೊಡೋ ಗಾಡಿಯ ಮುಂದೆ ಎಷ್ಟು ದಿನ ನಿಲ್ಲುತ್ತೆ? ಅದರ ಮೇಲೆ ಹೊಗೆಯ ನಿಯಮಗಳು 1991ರಲ್ಲಿ ಬಂದವು, 1996ರಲ್ಲಿ ಬಿಗಿಯಾದವು. ಅದೇ 1996ರಲ್ಲಿ ಐಡಿಯಲ್ ಜಾವಾ ಉತ್ಪಾದನೆ ನಿಂತಿತು. ಆರ್‌ಎಕ್ಸ್ 100 ನಿಂತಿದ್ದೂ ಅದೇ ವರ್ಷ. ಒಂದು ದೊಡ್ಡದು, ಒಂದು ಸಣ್ಣದು, ಎರಡನ್ನೂ ಒಂದೇ ಹೊಗೆ ತಗೊಂಡು ಹೋಯ್ತು.

1990ರ ದಶಕದ ಕೊನೆಗೆ ದೇಶದಲ್ಲಿ ಮೋಟರ್‌ಸೈಕಲ್ ಮಾರಾಟ ಸ್ಕೂಟರನ್ನು ಹಿಂದೆ ಹಾಕಿತು. 2001ರಲ್ಲಿ ಟಿವಿಎಸ್ ಮತ್ತು ಸುಜುಕಿ ಬೇರೆಯಾದವು. ಆ ವರ್ಷವೇ ಹೊಸೂರಿನವರು ತಾವೇ ವಿನ್ಯಾಸ ಮಾಡಿದ ಫೋರ್-ಸ್ಟ್ರೋಕ್ ವಿಕ್ಟರ್ ತಂದರು. ಜಾವಾ ಹೋದ ಮೈಸೂರಿನಲ್ಲಿ ಈಗ ಟಿವಿಎಸ್ ಕಾರ್ಖಾನೆ ಇದೆ. ಕೋಲಾರದ ನರಸಾಪುರದಲ್ಲಿ 2013ರಿಂದ ಹೋಂಡಾ ಇದೆ. ಸಣ್ಣ ಗಾಡಿ ನಮ್ಮೂರಿನ ಸುತ್ತಲೇ ಬೆಳೀತು.

ಇವತ್ತು ಯಾಕೆ ತಗೋಬೇಕು?

ಇಷ್ಟೆಲ್ಲ ಹೇಳಿ ಮುಗಿಸಿದ ಮೇಲೆ ತಮ್ಮ ಕೇಳಿದ: "ಸರಿ ಅಣ್ಣ, ಆಗ ಪೆಟ್ರೋಲ್ ಕಷ್ಟ ಇತ್ತು. ನನಗೇನು ಕಷ್ಟ?"

ನ್ಯಾಯವಾದ ಪ್ರಶ್ನೆ. ನುಂಗಂಬಾಕ್ಕಂನಿಂದ ತರಮಣಿಗೆ ಹೋಗಿ ಬಂದು, ಸಣ್ಣಪುಟ್ಟ ಓಡಾಟ ಸೇರಿ ದಿನಕ್ಕೆ 25 ಕಿಲೋಮೀಟರ್, ತಿಂಗಳಿಗೆ 600 ಅಂತ ಇಟ್ಕೊಳ್ಳಿ. ಲೀಟರಿಗೆ 60 ಕೊಡೋ ಗಾಡಿಗೆ 10 ಲೀಟರ್, 35 ಕೊಡೋ ದೊಡ್ಡ ಗಾಡಿಗೆ 17 ಲೀಟರ್. ಲೀಟರಿಗೆ 100 ರೂಪಾಯಿ ಹಿಡಿದ್ರೆ ತಿಂಗಳಿಗೆ 700 ರೂಪಾಯಿ ವ್ಯತ್ಯಾಸ. ನಮ್ಮ ಸಂಬಳಕ್ಕೆ ಇದು ಒಂದು ಸಲ ಹೊರಗೆ ಊಟ ಮಾಡಿದಷ್ಟು. ಹಾಗಾಗಿ ಮೈಲೇಜ್ ಒಂದನ್ನೇ ಹೇಳಿ ಒಪ್ಪಿಸೋಕೆ ಹೋದ್ರೆ ನಾನು ಸೋಲ್ತೀನಿ.

1985ರಲ್ಲಿ ಮೈಲೇಜಿಗೋಸ್ಕರ ಮಾಡಿದ ಗಾಡಿ, ಇವತ್ತು ಹೊಸಬನಿಗೆ ಬೇರೆ ಕಾರಣಕ್ಕೆ ಸರಿಹೋಗುತ್ತೆ. ಆ ಕಾರಣ ತೂಕ. ಸಣ್ಣ ಎಂಜಿನ್ ಹೊರೋಕೆ ಸಣ್ಣ ಫ್ರೇಮ್ ಸಾಕು. ಸ್ಪ್ಲೆಂಡರ್ ಪ್ಲಸ್ 112 ಕೆಜಿ, ಈಗಿನ 350 ಸಿಸಿ ಬುಲೆಟ್ 195 ಕೆಜಿ. ವ್ಯತ್ಯಾಸ 83 ಕೆಜಿ, ಹಿಂದೆ ಒಬ್ಬ ದಪ್ಪ ಮನುಷ್ಯ ಸದಾ ಕೂತಿರೋ ಹಾಗೆ. ಹೊಸಬರು ಬೀಳೋದು ಹೆಚ್ಚಾಗಿ ವೇಗದಲ್ಲಿ ಅಲ್ಲ. ಯೂ-ಟರ್ನ್ ಹೊಡೆಯೋವಾಗ, ಮಳೆನೀರಲ್ಲಿ ಕಾಣದ ಗುಂಡಿಗೆ ಚಕ್ರ ಇಳಿದಾಗ, ಸಿಗ್ನಲ್ಲಿನಲ್ಲಿ ಕಾಲು ಊರೋವಾಗ. ಆಗ ಗಾಡಿಯನ್ನು ಕಾಲಲ್ಲಿ ತಡೆದು ನಿಲ್ಲಿಸೋಕೆ ಆಗುತ್ತಾ ಅನ್ನೋದೇ ಪ್ರಶ್ನೆ. ನಾನು ಚೆನ್ನೈಗೆ ಬಂದ ಮೊದಲ ವರ್ಷ ನವೆಂಬರ್ ಮಳೆಯಲ್ಲಿ ಸೆಕೆಂಡ್‌ಹ್ಯಾಂಡ್ ತಗೊಂಡ ಭಾರದ ಗಾಡಿಯೊಂದನ್ನು ಹಾಗೆ ತಡೆಯೋಕೆ ಹೋಗಿ ಆರು ವಾರ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದೆ. ಗಾಡಿಯ ತಪ್ಪಲ್ಲ, ನನ್ನ ಅಳತೆ ಮೀರಿದ ಆಸೆ. ಊರಲ್ಲಿ ಅಮ್ಮನಿಗೆ ಹೇಳಿರಲಿಲ್ಲ, ಇವತ್ತಿಗೂ ಪೂರ್ತಿ ಹೇಳಿಲ್ಲ.

ಈಗ ಯೆಜ್ಡಿ ವಿಷಯ. ಕರ್ನಾಟಕ ನೋಂದಣಿಯ ಗಾಡಿಯನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡ್ರೆ ಮೋಟರು ವಾಹನ ಕಾಯ್ದೆ ಪ್ರಕಾರ ಇಲ್ಲಿಯ ನಂಬರ್ ಮಾಡಿಸಬೇಕು. ಅದಕ್ಕೆ ಊರಿನ ಆರ್‌ಟಿಒ ಎನ್‌ಒಸಿ, ಇಲ್ಲಿಯ ತೆರಿಗೆ. 15 ವರ್ಷ ದಾಟಿದ ಗಾಡಿಯ ಆರ್‌ಸಿ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಚಿಕ್ಕಪ್ಪನ ಹೆಸರಲ್ಲಿರೋ ಆರ್‌ಸಿ ಮೊದಲು ಚಿಕ್ಕಮ್ಮನ ಹೆಸರಿಗೋ ಇವನ ಹೆಸರಿಗೋ ಬರಬೇಕು. ಮಾಡಬಾರದು ಅಂತಲ್ಲ. ಆದ್ರೆ ಕ್ಲಚ್ ಬಿಡೋದು ಕಲಿಯೋ ತಿಂಗಳಲ್ಲಿ ಇದೆಲ್ಲ ತಲೆ ಮೇಲೆ ಹಾಕಿಕೊಳ್ಳೋದು ಬೇಡ.

ಹಾಗಾದ್ರೆ ಏನು ನೋಡಿ ತಗೋಬೇಕು? ಯಾವ ಕಂಪನಿ ಅಂತ ನಾನು ಹೇಳಲ್ಲ. ಶೋರೂಮಿನಲ್ಲಿ ಕೂತಾಗ ಎರಡೂ ಪಾದ ನೆಲಕ್ಕೆ ಪೂರ್ತಿ ಊರಬೇಕು. ಎಂಜಿನ್ ಆಫ್ ಮಾಡಿ ಗಾಡಿಯನ್ನು ಹಿಂದಕ್ಕೆ ತಳ್ಳಿ ನೋಡಿ, ನಮ್ಮ ಅಪಾರ್ಟ್‌ಮೆಂಟ್ ಪಾರ್ಕಿಂಗಿನಲ್ಲಿ ದಿನಾ ಮಾಡೋದು ಅದನ್ನೇ. ಮನೆಯ ಹತ್ತಿರ ಸರ್ವಿಸ್ ಇದೆಯಾ ನೋಡಿ. ಹಳೇದು ತಗೊಂಡ್ರೆ ಎರಡು ತಾರೀಖು ನೆನಪಿಡಿ. 2019ರ ಏಪ್ರಿಲ್‌ನಿಂದ 125 ಸಿಸಿವರೆಗಿನ ಹೊಸ ಗಾಡಿಗಳಿಗೆ ಎರಡೂ ಚಕ್ರದ ಬ್ರೇಕ್ ಒಟ್ಟಿಗೆ ಹಿಡಿಯೋ ಸಿಬಿಎಸ್ ಅಥವಾ ಎಬಿಎಸ್ ಕಡ್ಡಾಯ ಆಯ್ತು. 2020ರ ಏಪ್ರಿಲ್‌ನಿಂದ ಬಿಎಸ್-6 ಬಂತು, ಬಹುತೇಕ ಗಾಡಿಗಳಲ್ಲಿ ಕಾರ್ಬುರೇಟರ್ ಹೋಗಿ ಫ್ಯುಯೆಲ್ ಇಂಜೆಕ್ಷನ್ ಬಂತು. ಈ ಎರಡೂ ಆದ ಮೇಲಿನ ಗಾಡಿ ಸಿಕ್ಕಿದ್ರೆ ಒಳ್ಳೇದು. ಊರು ಬದಲಾಗೋ ಕೆಲಸ ಇದ್ದು, ನಿಮ್ಮ ಕಂಪನಿಗೆ ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇದ್ರೆ, ಹೊಸ ಗಾಡಿಗೆ 2021ರಲ್ಲಿ ಬಂದ ಬಿಎಚ್ ಸರಣಿಯ ನಂಬರ್ ಕೇಳಿ ನೋಡಿ. ಮತ್ತೆ, ಒಳ್ಳೇ ಹೆಲ್ಮೆಟ್ಟಿನ ದುಡ್ಡನ್ನು ಗಾಡಿ ಬೆಲೆಯ ಜೊತೆಗೇ ಸೇರಿಸಿ ಲೆಕ್ಕ ಹಾಕಿ.

ಇನ್ನೊಂದು ಮಾತು, ನಮ್ಮವರಿಗೆ ಮುಖ್ಯ. ಆಫೀಸ್ ಪಾರ್ಕಿಂಗಿನಲ್ಲಿ 100 ಸಿಸಿ ನಿಲ್ಲಿಸೋಕೆ ಕೆಲವರಿಗೆ ನಾಚಿಕೆ. ಅದು ಹಾಲಿನವನ ಗಾಡಿ, ಡೆಲಿವರಿ ಹುಡುಗನ ಗಾಡಿ ಅಂತ. ಹೌದು, ಅವರ ಗಾಡಿಯೇ. ದಿನಕ್ಕೆ ನೂರಾರು ಸಲ ನಿಲ್ಲಿಸಿ ಹೊರಡೋರು ಅದನ್ನೇ ಆರಿಸ್ತಾರೆ ಅಂದ್ರೆ, ಅದಕ್ಕಿಂತ ದೊಡ್ಡ ಟೆಸ್ಟಿಂಗ್ ಯಾವ ಲ್ಯಾಬಿನಲ್ಲೂ ಆಗಲ್ಲ.

ತಮ್ಮ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಎಲ್ಎಲ್‌ಗೆ ಅರ್ಜಿ ಹಾಕಿದ. ಹೋದ ತಿಂಗಳು ಒಂದು ಸಣ್ಣ ಗಾಡಿ ತಗೊಂಡ, ಡೌನ್ ಪೇಮೆಂಟ್ ಅವನೇ ಕಟ್ಟಿದ. ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಖಾಲಿ ರಸ್ತೆಯಲ್ಲಿ ಅವನು ಮುಂದೆ, ನಾನು ಹಿಂದೆ. ಎರಡು ಸಲ ಎಂಜಿನ್ ಆಫ್ ಆಯ್ತು, ಒಂದು ಸಲ ವಾಲಿತು, ಕಾಲು ಊರಿದ, ನಿಂತಿತು.

ಆ ಸಂಜೆ ಚಿಕ್ಕಮ್ಮ ಫೋನ್ ಮಾಡಿದಾಗ ಅವನೇ ಮಾತಾಡಿದ. "ಅಪ್ಪನ ಗಾಡಿ ಮಾರಬೇಡಮ್ಮ. ಹಬ್ಬಕ್ಕೆ ಬಂದಾಗ ಅಣ್ಣನೂ ನಾನೂ ಸೇರಿ ರೆಡಿ ಮಾಡಿಸ್ತೀವಿ. ಅಷ್ಟೊತ್ತಿಗೆ ನನಗೆ ಓಡಿಸೋಕೆ ಬಂದಿರುತ್ತೆ" ಅಂದ.

ನಿಮ್ಮ ಮನೆಗೆ ಬಂದ ಮೊದಲ ಗಾಡಿ ಯಾವುದು, ಯಾಕೆ ಅದನ್ನೇ ತಗೊಂಡ್ರು, ಒಂದು ಸಲ ಅಪ್ಪನನ್ನೋ ಅಜ್ಜನನ್ನೋ ಕೇಳಿ ನೋಡಿ. ಮುಂದಿನ ಮಾತಿನಲ್ಲಿ ಸಿಗೋಣ.